ಒಂದು ನಿಮಿಷ ಪೂರ್ತಿ

ವಾರ್ಡಿನ ಯಾವ ಚಾರ್ಟ್ ತೆಗೆದು ನೋಡಿ, ಉಸಿರಾಟದ ಕಾಲಂನಲ್ಲಿ ಜಾಸ್ತಿ ಕಾಣುವುದು 20. ಬೆಳಿಗ್ಗೆ 20, ಸಂಜೆ 20, ರಾತ್ರಿಯೂ 20. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಮಷಿನ್ ಇದೆ. ಉಸಿರು ಎಣಿಸಲು ನರ್ಸ್ ಒಂದು ನಿಮಿಷ ಸುಮ್ನೆ ನಿಲ್ಲಬೇಕು. ಆ ನಿಮಿಷವನ್ನೇ ಎಲ್ಲರೂ ಉಳಿಸುತ್ತಾರೆ. ನಾನೂ ಉಳಿಸುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಜನರಲ್ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಗದಗ, ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಬೇರೆ ಆಗಿದ್ದು 1997ರಲ್ಲಿ. ಗಂಡಸರ ವಾರ್ಡಿನಲ್ಲಿ ನೈಟ್ ಡ್ಯೂಟಿ. ಹತ್ತಿಗೆ ಹೊಡೆಯುವ ಎಣ್ಣೆ ಕುಡಿದಿದ್ದ ಹುಡುಗನೊಬ್ಬ ಇದ್ದ. ಆ ವಿಷಕ್ಕೆ ಕೊಡುವ ಔಷಧಿ ಅಟ್ರೋಪಿನ್, ಎರಡು ದಿನ ಕೊಟ್ಟಿದ್ದೆವು. ಜೊಲ್ಲು ನಿಂತಿತ್ತು, ನಾಡಿ ಚೆನ್ನಾಗಿತ್ತು, ಅವ್ವನ ಹತ್ತಿರ ಮಾತಾಡುತ್ತಿದ್ದ. ಗೆದ್ದ ಅಂದುಕೊಂಡೆ. ರಾತ್ರಿ ಎರಡಕ್ಕೆ ಮಂಚದ ಕಾಲ ಬಳಿ ನಿಂತು 20 ಅಂತ ಬರೆದುಬಿಟ್ಟೆ.

ನಾಲ್ಕಕ್ಕೆ ಹಿರಿಯ ಸಿಸ್ಟರ್ ಬಂದರು. ಹೊದಿಕೆ ಸರಿಸಿ ಹೊಟ್ಟೆ ಮೇಲೆ ಟಾರ್ಚ್ ಬಿಟ್ಟರು. "ತಲಿ ಎತ್ತಪಾ" ಅಂದರು. ದಿಂಬಿನಿಂದ ತಲೆ ಏಳಲಿಲ್ಲ. ತಮ್ಮ ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಎಣಸವಾ. ಒಂದ್ ನಿಮಿಷ ಪೂರ್ತಿ ಎಣಸು."

38. ಎಲ್ಲಾ ಮೇಲೆ ಮೇಲಿನ ಉಸಿರು.

ಆ ವಿಷದ ಗುಣವೇ ಹಾಗೆ. ಮೊದಲ ದಿನದ ಗಂಡಾಂತರ ದಾಟಿದರೂ, ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಸೋಲುತ್ತದೆ, ಆಮೇಲೆ ಉಸಿರಾಡುವ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ಇದನ್ನು ತಡೆಯುವುದಿಲ್ಲ. ಹುಡುಗನಿಗೆ ಗಂಟಲೊಳಗೆ ಉಸಿರಿನ ಟ್ಯೂಬ್ ಹಾಕಿದರು, ಉಳಿದ. ಹಿರಿಯ ಸಿಸ್ಟರ್ ನನಗೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲವೇನೋ.

ಅವತ್ತಿನಿಂದ 34 ವರ್ಷ, ಹೋದಲ್ಲೆಲ್ಲಾ ಎಣಿಸಿದೆ. ಹೇಗೆ ಅಂದರೆ, ರೋಗಿಗೆ ಹೇಳದೆ. "ಉಸಿರು ನೋಡ್ತೀನಿ" ಅಂದ ಕೂಡಲೇ ಯಾರೇ ಆದರೂ ಬೇರೆ ಥರ ಉಸಿರಾಡುತ್ತಾರೆ. ಅದಕ್ಕೇ ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದಿರುತ್ತೇನೆ, ಕಣ್ಣು ಹೊಟ್ಟೆ ಮೇಲೆ. ಬಿಪಿ ಪಟ್ಟಿ ಆಮೇಲೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ ಕೂಸುಗಳು. ಕೆಮ್ಮು ಅಂತ ಕರೆತಂದ ಕೂಸು ಅಳುತ್ತಿದ್ದರೆ ಲೆಕ್ಕ ಸಿಗುವುದಿಲ್ಲ. ಅಂಗಿ ಎತ್ತಿಸಿ, ಅವ್ವನ ತೊಡೆ ಮೇಲೆ ಸಮಾಧಾನ ಆಗುವ ತನಕ ಕಾಯಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗಿದ್ದರೆ 50, ಐದು ವರ್ಷದೊಳಗಿದ್ದರೆ 40. ಅಷ್ಟು ಮುಟ್ಟಿದರೆ ನ್ಯುಮೋನಿಯಾ ಇರಬಹುದು ಅಂತ ತಿಳಿದು ಮುಂದುವರಿಯಬೇಕು. ಹೆರಿಗೆ ವಾರ್ಡಿನಲ್ಲಿ ಇದರ ಉಲ್ಟಾ. ಫಿಟ್ಸ್ ಬಂದ ಬಾಣಂತಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಿರುವಾಗ ಉಸಿರು 16ಕ್ಕಿಂತ ಇಳಿದರೆ ಮುಂದಿನ ಡೋಸ್ ನಿಲ್ಲಿಸಬೇಕು. ಅದು ಜಾಸ್ತಿಯಾದರೆ ಕೊಡುವ ಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್ ಒಡೆಯಲು ತಯಾರಾಗಿ ಪಕ್ಕದಲ್ಲೇ ಇರಬೇಕು, ಸ್ಟೋರಿನಲ್ಲಿ ಅಲ್ಲ. 2020ರಲ್ಲಿ ಕೋವಿಡ್ ಬಂದಾಗ ಎಲ್ಲರ ಕಣ್ಣೂ ಆಕ್ಸಿಮೀಟರ್ ಮೇಲೆ. ನಾನು ಪಿಪಿಇ ಕಿಟ್‌ನೊಳಗೆ ಬೆವರುತ್ತಾ, ಮಂಜು ಕಟ್ಟಿದ ಕನ್ನಡಕದಲ್ಲೇ ಹೊಟ್ಟೆ ನೋಡುತ್ತಿದ್ದೆ.

ಆದರೆ ಎಣಿಕೆ ಅಂದರೆ ನನಗೆ ನೆನಪಾಗುವುದು ಹಾವೇರಿ ಜಿಲ್ಲೆಯ ತಾಲೂಕು ಆಸ್ಪತ್ರೆಯ ಒಂದು ನಸುಕು. 108 ಅಂಬುಲೆನ್ಸ್ ಇನ್ನೂ ಬಂದಿರಲಿಲ್ಲ, ಅದು ಶುರುವಾಗಿದ್ದು 2008ರಲ್ಲಿ. ನೆಲದ ಮೇಲೆ ಮಲಗಿದ್ದ ರೈತನನ್ನು ಅವರ ಅಣ್ಣ ಟೆಂಪೋದಲ್ಲಿ ಕರೆತಂದರು. ಹೊಟ್ಟೆನೋವು, ಗಂಟಲು ನೋವು. ರಾತ್ರಿಯ ಊಟ ಆಗಿಬಂದಿಲ್ಲ ಅಂತ ಅವರು. ಬಾವು ಇಲ್ಲ, ಕಚ್ಚಿದ ಗುರುತಿಲ್ಲ. ರೆಪ್ಪೆ ಮಾತ್ರ ಜೋತುಬಿದ್ದಿತ್ತು. ಕಟ್ಟು ಹಾವು ಕಚ್ಚಿದರೆ ಹೀಗೇ, ಎಷ್ಟೋ ಸಲ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

"ಒಂದ ಉಸಿರ್ನ್ಯಾಗ ಎಷ್ಟ ಬರ್ತೈತಿ ಅಷ್ಟ ಎಣಸ್ರೀ ಯಣ್ಣಾ" ಅಂತ ರೈತನಿಗೆ ಅಂದೆ. ಮೊದಲ ಸಲ 17ರ ತನಕ ಹೋದರು. ಡಾಕ್ಟರ್ ಹಾವಿನ ವಿಷದ ಔಷಧಿ ಹತ್ತು ವಯಲ್ ಹಾಕಿಸಿದರು. ಅರ್ಧ ಗಂಟೆ ಬಿಟ್ಟು ಕೇಳಿದರೆ 11. ಆಮೇಲೆ 6, ಅದೂ ಮೂಗಿನಿಂದ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ, ಆ ಮೂರು ಅಂಕಿಯಲ್ಲಿ ಎಲ್ಲಾ ಇತ್ತು. ಉಸಿರು ನಿಲ್ಲುವ ಮೊದಲೇ ಡಾಕ್ಟರ್ ಟ್ಯೂಬ್ ಹಾಕಿದರು. ನಾನು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿದು ಆಸ್ಪತ್ರೆಯ ವ್ಯಾನ್ ಹತ್ತಿದೆ. ಹುಬ್ಬಳ್ಳಿ ಕಿಮ್ಸ್‌ಗೆ ಹೋಗಬೇಕಿತ್ತು.

ದಾರಿಯಲ್ಲಿ ಕಣ್ಣು ಪೂರ್ತಿ ಮುಚ್ಚಿದವು. ಒಂದು ಬೆರಳೂ ಆಡಲಿಲ್ಲ. "ಹ್ವಾದ, ನನ್ನ ತಮ್ಮ ಹ್ವಾದ" ಅಂತ ಅಣ್ಣ ಎದೆ ಬಡಿದುಕೊಂಡರು. "ಅಳಬ್ಯಾಡ್ರಿ. ಅವರಿಗೆ ಎಲ್ಲಾ ಕೇಳಸ್ತೈತಿ" ಅಂದೆ. ಈ ವಿಷ ಕೈಕಾಲು, ರೆಪ್ಪೆ, ಎದೆಯನ್ನು ಕಟ್ಟಿಹಾಕುತ್ತದೆ, ಎಚ್ಚರವನ್ನಲ್ಲ. ನಿದ್ದೆಗೆಟ್ಟು ಕೈ ಸೋತಿತ್ತು. ಬ್ಯಾಗನ್ನು ಬೇಗ ಬೇಗ ಒತ್ತಬಾರದು, ಐದಾರು ಸೆಕೆಂಡಿಗೊಮ್ಮೆ ಸಾಕು. ಲೆಕ್ಕ ತಪ್ಪದಿರಲಿ ಅಂತ ಜೋರಾಗಿ ಎಣಿಸುತ್ತಾ ಹೋದೆ. ಒಂದ, ಎರಡ, ಮೂರ, ನಾಕ, ಐದ, ಒತ್ತು. ಹುಬ್ಬಳ್ಳಿ ಮುಟ್ಟುವ ತನಕ.

ಎಷ್ಟೋ ದಿನದ ಮೇಲೆ ಅವರು ನಡೆದುಕೊಂಡೇ ಆಸ್ಪತ್ರೆಗೆ ಬಂದರು. ಗಂಟಲು ಇನ್ನೂ ಒಡಕಾಗಿತ್ತು. ನನ್ನ ಮುಖ ಅವರಿಗೆ ಗುರುತು ಹತ್ತಲಿಲ್ಲ. ಯಾರ ಹೆಸರೋ ಹಿಡಿದು ಕೂಗಿದೆ, ದನಿ ಕೇಳಿ ಈ ಕಡೆ ತಿರುಗಿದರು.

"ಅಕ್ಕಾರ, ವ್ಯಾನಿನ್ಯಾಗ ಐದರ ತನಾ ಎಣಸ್ತಿದ್ದವರು ನೀವ ಹೌದಲ್ರಿ?"