ಟ್ಯೂಬ್ ಆಂಪ್ಲಿಫೈಯರ್: ಹೊಸ ಟ್ಯೂಬ್ ಹಾಕುವ ಮುನ್ನ ನಾನು ಅಳೆಯುವುದೇನು

ಟ್ಯೂಬ್ ಕೊಳ್ಳುವಾಗ ಅದರ ದನಿ ಹೇಗಿದೆ ಎಂದು ಕೇಳುವವರೇ ಹೆಚ್ಚು. ನಾನು ಮೊದಲು ನೋಡುವುದು ಆಂಪ್ಲಿಫೈಯರ್‌ನ ಸರ್ಕ್ಯೂಟನ್ನು. ಅದರಲ್ಲಿ ಯಾವ ಟ್ಯೂಬ್ ನಿಲ್ಲುತ್ತದೆ, ಎಷ್ಟು ಕಾಲ ಬಾಳುತ್ತದೆ ಎನ್ನುವುದು ಪವರ್ ಟ್ರಾನ್ಸ್‌ಫಾರ್ಮರ್, ಗ್ರಿಡ್ ರೆಸಿಸ್ಟರ್ ಮತ್ತು ಬಯಾಸ್ ವೋಲ್ಟೇಜಿನ ಕೈಯಲ್ಲಿದೆ. ಗ್ರಿಡ್ ಎಂದರೆ ಟ್ಯೂಬ್‌ನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ; ಅದಕ್ಕೆ ಕೊಡುವ ನೆಗೆಟಿವ್ ವೋಲ್ಟೇಜೇ ಬಯಾಸ್, ಅದು ತಲುಪುವುದು ಗ್ರಿಡ್ ರೆಸಿಸ್ಟರ್ ಮೂಲಕ. ನಾಲ್ಕು ಇಎಲ್34 ಪವರ್ ಟ್ಯೂಬ್ ಇರುವ, ಫಿಕ್ಸೆಡ್ ಬಯಾಸ್‌ನ (ಬಯಾಸ್ ಪ್ರತ್ಯೇಕ ಸಪ್ಲೈನಿಂದ ಬರುವ) ಪುಶ್-ಪುಲ್ (ಜೋಡಿ ಟ್ಯೂಬ್‌ಗಳು ಎದುರುಬದುರಾಗಿ ದುಡಿಯುವ) ಸ್ಟೀರಿಯೊ ಆಂಪ್ಲಿಫೈಯರ್‌ಗೆ ನಾನು ಅನುಸರಿಸುವ ಕ್ರಮ ಇದು.

ಚಾಸಿಸ್ ಬಿಚ್ಚಿದ ಕೂಡಲೇ ಮೊದಲ ಕೆಲಸ ಪವರ್ ಸಪ್ಲೈನಲ್ಲಿ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್ ಖಾಲಿ ಮಾಡುವುದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ 450 ವೋಲ್ಟ್ ಉಳಿದಿರಬಹುದು. 100 ಮೈಕ್ರೋಫ್ಯಾರಡ್ ಆದರೆ ಸುಮಾರು 10 ಜೂಲ್, ಪ್ರಾಣಕ್ಕೇ ಅಪಾಯ. 10 ಕಿಲೋಓಮ್, 10 ವಾಟ್‌ನ ವೈರ್‌ವೂಂಡ್ ರೆಸಿಸ್ಟರ್‌ನ ಒಂದು ತುದಿಯನ್ನು ಚಾಸಿಸ್‌ಗೆ ಕ್ಲಿಪ್ ಮಾಡಿ, ಇನ್ನೊಂದನ್ನು ಇನ್ಸುಲೇಟೆಡ್ ಪ್ರೋಬಿನಿಂದ ಪ್ರತಿ ಕೆಪ್ಯಾಸಿಟರ್‌ನ ಪಾಸಿಟಿವ್‌ಗೆ ಹತ್ತು ಸೆಕೆಂಡ್ ಮುಟ್ಟಿಸುತ್ತೇನೆ. ಆಮೇಲೆ ಮೀಟರ್ ಹಿಡಿದು ನೋಡುತ್ತೇನೆ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ, ಏಕೆಂದರೆ ಖಾಲಿಯಾದ ಕೆಪ್ಯಾಸಿಟರ್‌ನಲ್ಲೂ ವೋಲ್ಟೇಜ್ ಸ್ವಲ್ಪ ಮರಳಿ ಏರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ಬೇಡವೇ ಬೇಡ. ಕರೆಂಟ್ ಇರುವಾಗ ಅಳೆಯಬೇಕಾದರೆ ಒಂದೇ ಕೈ; ಇನ್ನೊಂದು ಕೈ ಚಾಸಿಸ್‌ನಿಂದ ದೂರ.

ಆಯ್ಕೆಗೆ ಬರೋಣ. ಇಎಲ್34ರ ಜಾಗದಲ್ಲಿ ಕೆಟಿ88 ಎಂಬ ಇನ್ನೊಂದು ಪವರ್ ಟ್ಯೂಬ್ ಸಾಕೆಟ್‌ಗೆ ಸರಿಯಾಗಿ ಕೂರುತ್ತದೆ. ಅಷ್ಟರಿಂದಲೇ ಹೊಂದಿತು ಎನ್ನಲಾಗದು. ಟ್ಯೂಬನ್ನು ಒಳಗಿನಿಂದ ಕಾಯಿಸುವ ಹೀಟರ್‌ಗೆ ಇಎಲ್34 ತಲಾ 1.5 ಆಂಪ್ ಎಳೆದರೆ ಕೆಟಿ88 ತಲಾ 1.6 ಎಳೆಯುತ್ತದೆ, ಅಂದರೆ ನಾಲ್ಕಕ್ಕೆ 6.4 ಆಂಪ್. ಟ್ರಾನ್ಸ್‌ಫಾರ್ಮರ್‌ನ ಹೀಟರ್ ವೈಂಡಿಂಗ್‌ಗೆ, ಚಿಕ್ಕ ಟ್ಯೂಬ್‌ಗಳನ್ನೂ ಸೇರಿಸಿ, ಆ ಶಕ್ತಿ ಇರಬೇಕು. ಅದಕ್ಕಿಂತ ಮುಖ್ಯವಾದದ್ದು ಗ್ರಿಡ್ ರೆಸಿಸ್ಟರ್. ಫಿಕ್ಸೆಡ್ ಬಯಾಸ್‌ನಲ್ಲಿ ಇಎಲ್34 500 ಕಿಲೋಓಮ್‌ವರೆಗೆ ತಡೆದುಕೊಳ್ಳುತ್ತದೆ, ಕೆಟಿ88ಗೆ 220 ಕಿಲೋಓಮೇ ಮಿತಿ, ಹೆಚ್ಚು ವಾಟ್‌ನಲ್ಲಿ ಓಡಿಸಿದರೆ 100. ಮಿತಿ ಮೀರಿದರೆ ಗ್ರಿಡ್‌ನ ಅತ್ಯಲ್ಪ ಕರೆಂಟೂ ಬಯಾಸನ್ನು ಕುಗ್ಗಿಸುತ್ತದೆ. ಟ್ಯೂಬ್ ಬಿಸಿಯಾದಷ್ಟೂ ಆ ಕರೆಂಟ್ ಹೆಚ್ಚಿ, ಕೊನೆಗೆ ಕೈಮೀರುತ್ತದೆ. ತಿರುಗುಮುರುಗಾಗಿ, 6ಎಲ್6 ಎಂಬ ಪವರ್ ಟ್ಯೂಬ್‌ಗೆ ಅಥವಾ ಕೆಟಿ88ಗೆಂದೇ ಮಾಡಿದ ಆಂಪ್ಲಿಫೈಯರ್‌ಗೆ ಇಎಲ್34 ಹಾಕುವವರು ಪಿನ್ 1 ನೋಡಬೇಕು. ಇಎಲ್34ರಲ್ಲಿ ಅದು ಸಪ್ರೆಸರ್ ಎಂಬ ಇನ್ನೊಂದು ಗ್ರಿಡ್. ಪಿನ್ 8ಕ್ಕೆ, ಅಂದರೆ ಎಲೆಕ್ಟ್ರಾನ್ ಹೊರಡುವ ಕ್ಯಾಥೋಡ್‌ಗೆ, ಜೋಡಿಸದಿದ್ದರೆ ಅದು ಎಲ್ಲಿಗೂ ತಾಗದೆ ತೇಲುತ್ತಿರುತ್ತದೆ.

ಈಗ ಅಳತೆ. ಪವರ್ ಟ್ಯೂಬ್‌ಗಳನ್ನು ಹೊರಗಿಟ್ಟು ಆನ್ ಮಾಡಿ, ನಾಲ್ಕೂ ಸಾಕೆಟ್‌ಗಳ ಪಿನ್ 5ರಲ್ಲಿ, ಅಂದರೆ ಗ್ರಿಡ್‌ನಲ್ಲಿ, ನೆಗೆಟಿವ್ ವೋಲ್ಟೇಜ್ ಬಂದಿದೆಯೇ ನೋಡುತ್ತೇನೆ. ಹೊರೆ ಇಲ್ಲದಾಗ ಹೈ ವೋಲ್ಟೇಜ್ ಏರುತ್ತದೆ, ಕೆಪ್ಯಾಸಿಟರ್‌ಗಳ ವೋಲ್ಟೇಜ್ ಮಿತಿ ಅದನ್ನು ತಾಳುವಷ್ಟಿರಲಿ. ಬಯಾಸ್ ಸಪ್ಲೈನಲ್ಲಿ ಮೈನಸ್ 38 ಇದ್ದು, ಒಂದು ಪಿನ್‌ನಲ್ಲಿ ಮೈನಸ್ 34 ಮಾತ್ರ ಕಂಡರೆ, ಅಲ್ಲಿನ ಕಪ್ಲಿಂಗ್ ಕೆಪ್ಯಾಸಿಟರ್ (ಹಿಂದಿನ ಹಂತದ ಡಿಸಿ ವೋಲ್ಟೇಜನ್ನು ತಡೆದು ಸಿಗ್ನಲ್ ಮಾತ್ರ ಬಿಡುವುದು) ಸೋರುತ್ತಿದೆ ಎಂದೇ ಅನುಮಾನಿಸಬೇಕು. ಆದರೆ 220 ಕಿಲೋಓಮ್ ಗ್ರಿಡ್ ರೆಸಿಸ್ಟರ್ ಇದ್ದಾಗ 10 ಮೆಗಾಓಮ್ ಮಲ್ಟಿಮೀಟರ್ ತನ್ನ ಹೊರೆಯಿಂದಲೇ ಸುಮಾರು 0.8 ವೋಲ್ಟ್ ಕಡಿಮೆ ತೋರಿಸುತ್ತದೆ. ಆದ್ದರಿಂದ ನಾಲ್ಕು ಪಿನ್‌ಗಳನ್ನು ಒಂದಕ್ಕೊಂದು ಹೋಲಿಸುತ್ತೇನೆ. ಈ ಒಂದು ಪರೀಕ್ಷೆ ಉಳಿಸುವಷ್ಟು ಟ್ಯೂಬ್‌ಗಳನ್ನು ಬೇರಾವುದೂ ಉಳಿಸದು.

ಟ್ಯೂಬ್ ಹಾಕುವ ಮೊದಲು ಬಯಾಸನ್ನು ಅತಿ ಹೆಚ್ಚು ನೆಗೆಟಿವ್‌ಗೆ ತಿರುಗಿಸಿ, ಔಟ್‌ಪುಟ್‌ಗೆ ಸ್ಪೀಕರ್ ಇಲ್ಲವೇ 8 ಓಮ್‌ನ ದಪ್ಪ ರೆಸಿಸ್ಟರ್ ಜೋಡಿಸುತ್ತೇನೆ. ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಏಳುವ ವೋಲ್ಟೇಜ್ ಅದರ ಇನ್ಸುಲೇಷನ್ನನ್ನೇ ಸುಡಬಲ್ಲದು. ಪ್ರತಿ ಕ್ಯಾಥೋಡ್‌ನಿಂದ ಗ್ರೌಂಡ್‌ಗೆ 1 ಓಮ್, 1 ಶೇಕಡಾ ನಿಖರತೆಯ ರೆಸಿಸ್ಟರ್ ಇದ್ದರೆ ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪ್. ಎಲೆಕ್ಟ್ರಾನ್ ಬಂದು ಸೇರುವ ಪ್ಲೇಟ್ ತಾಳುವ ಮಿತಿ ಇಎಲ್34ರಲ್ಲಿ 25 ವಾಟ್. ನಾನು 70 ಶೇಕಡಾಕ್ಕೆ ನಿಲ್ಲಿಸುತ್ತೇನೆ, ಅಂದರೆ 17.5 ವಾಟ್. ಪ್ಲೇಟ್‌ನಲ್ಲಿ 430 ವೋಲ್ಟ್ ಇದ್ದರೆ ಸುಮಾರು 40 ಮಿಲಿಆಂಪ್. ಕ್ಯಾಥೋಡ್‌ನಲ್ಲಿ ಅಳೆಯುವ ಕರೆಂಟಿನಲ್ಲಿ ಸ್ಕ್ರೀನ್ ಎಂಬ ಎರಡನೇ ಗ್ರಿಡ್‌ನ ಪಾಲೂ ಸೇರಿರುತ್ತದೆ. ಆದ್ದರಿಂದ ಮೀಟರ್ 40 ತೋರಿಸಿದಾಗ ಪ್ಲೇಟ್ ಇನ್ನೂ ಕಡಿಮೆಯಲ್ಲೇ ಇರುತ್ತದೆ. ಆ ವ್ಯತ್ಯಾಸ ಟ್ಯೂಬ್‌ನ ಆಯಸ್ಸಿಗೆ ಒಳ್ಳೆಯದೇ. ಒಂದು ಟ್ಯೂಬ್ ಹೊಂದಿಸಿದರೆ ಹೈ ವೋಲ್ಟೇಜ್ ತುಸು ಇಳಿದು ಉಳಿದ ಮೂರೂ ಬದಲಾಗುತ್ತವೆ. ಹಾಗಾಗಿ ಎರಡು ಮೂರು ಸುತ್ತು ಬೇಕು, ಅರ್ಧ ಗಂಟೆ ಬಿಸಿಯಾದ ಮೇಲೆ ಇನ್ನೊಂದು ಸುತ್ತು.

ಮೇನ್ಸ್ ವೋಲ್ಟೇಜನ್ನೂ ಮರೆಯಬಾರದು. 220 ವೋಲ್ಟ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ 240 ಬಂದರೆ 6.3 ವೋಲ್ಟ್‌ನ ಹೀಟರ್‌ಗೆ ಸುಮಾರು 6.9 ವೋಲ್ಟ್ ಸಿಗುತ್ತದೆ.

ಮಬ್ಬಾದ ಕೋಣೆಯಲ್ಲಿ ಪ್ಲೇಟ್ ಮೇಲೆ ಕೆಂಪು ಕಲೆ ಕಂಡರೆ ಯೋಚಿಸುತ್ತ ಕೂರದೆ ಆಫ್ ಮಾಡಬೇಕು. ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಬೆಳಕಿಗೆ ಹೆದರಬೇಕಿಲ್ಲ. ಎಲೆಕ್ಟ್ರೋಡ್‌ಗಳ ನಡುವೆ ನೇರಳೆ ಮಂಜಿನಂತೆ ಕಂಡರೆ ಒಳಗೆ ಅನಿಲ ಸೇರಿದೆ. ಉಳಿದ ಅನಿಲವನ್ನು ಹೀರಲೆಂದು ಗಾಜಿನ ಒಳಗೆ ಬಳಿದ ಬೆಳ್ಳಿ ಬಣ್ಣದ ಗೆಟರ್ ಬಿಳಿಯಾಗಿದ್ದರೆ ಗಾಳಿಯೇ ಹೊಕ್ಕಿದೆ, ಆ ಟ್ಯೂಬನ್ನು ಸಾಕೆಟ್‌ಗೆ ಹಾಕಲೇಬಾರದು.

ಚಿಕ್ಕ ಟ್ಯೂಬ್‌ಗಳಲ್ಲಿ 12ಎಎಕ್ಸ್7, 12ಎಟಿ7, 12ಎಯು7 ಮೂರಕ್ಕೂ ಪಿನ್ ಜೋಡಣೆ ಒಂದೇ. ಗೇನ್ ಮಾತ್ರ 100, 60, 20ರ ಆಸುಪಾಸು. 6ಡಿಜೆ8 ಕೂಡ ಒಂಬತ್ತು ಪಿನ್‌ನದೇ ಆದರೂ ಹೀಟರ್ ಜೋಡಣೆ ಬೇರೆ, ಅದನ್ನು ಈ ಸಾಕೆಟ್‌ಗೆ ತುರುಕಬಾರದು. ಹೊಸದನ್ನು ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, ಪೆನ್ಸಿಲ್ ಹಿಂತುದಿಯಿಂದ ಮೆಲ್ಲಗೆ ತಟ್ಟುತ್ತೇನೆ. ಸ್ಪೀಕರ್‌ನಲ್ಲಿ ಗಂಟೆಯಂತೆ ಮೊಳಗಿದರೆ ಆ ಟ್ಯೂಬ್ ಇನ್‌ಪುಟ್ ಹಂತಕ್ಕೆ ಆಗದು, ಸಿಗ್ನಲ್ ದೊಡ್ಡದಿರುವ ಡ್ರೈವರ್ ಹಂತದಲ್ಲಿ ನಡೆಯಬಹುದು.