ಇಂಟರ್‌ವ್ಯೂಗೆ ಹೊರಟಿದ್ದೀರಾ? ಮಾಡಿದ ಕೆಲಸ ಹೇಳಲು ಕಲಿಯಿರಿ

ಇಂಟರ್‌ವ್ಯೂಗೆ ಕರೆ ಬಂದ ತಕ್ಷಣ ಹೆಚ್ಚಿನವರು ಮೊಬೈಲ್ ತೆಗೆದು, ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಹುಡುಕಿ ಉತ್ತರ ಬಾಯಿಪಾಠ ಮಾಡಲು ಕೂರುತ್ತಾರೆ. ಎದುರಿಗೆ ಕೂತವರು ಅವೇ ಉತ್ತರಗಳನ್ನು ಬೆಳಿಗ್ಗೆಯಿಂದ ಕೇಳಿ ಕೇಳಿ ಸಾಕಾಗಿರುತ್ತಾರೆ. ‘ಐ ಆಮ್ ಎ ಹಾರ್ಡ್ ವರ್ಕರ್’ ಎಂದರೆ ಅವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಇಂಟರ್‌ವ್ಯೂ ಮಾಡುವವರ ಸಾಲಿನಲ್ಲಿ ಕೂತು ನಾನು ಮತ್ತೆ ಮತ್ತೆ ನೋಡಿದ್ದೇನೆ. ಊರಿಂದ ಬೆಂಗಳೂರಿಗೆ ಬಂದು ಪೀಜಿಯಲ್ಲಿದ್ದುಕೊಂಡು ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಕೆಲಸ ಚೆನ್ನಾಗಿಯೇ ಬರುತ್ತದೆ, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ಜಂಬ ಅನ್ನಿಸುತ್ತದೆ ಎಂಬ ಭಯ. ಇದನ್ನು ತಯಾರಿಯಿಂದ ಸರಿಮಾಡಬಹುದು.

1. ಮೊದಲು ಜಾಹೀರಾತನ್ನು ಪೆನ್ನು ಹಿಡಿದು ಓದಿ

ಕೆಲಸದ ವಿವರವನ್ನು ಪ್ರಿಂಟ್ ತೆಗೆಸಿ. ಅವರು ಕೇಳಿರುವ ಒಂದೊಂದು ವಿಷಯದ ಪಕ್ಕದಲ್ಲೂ ನೀವು ಅದನ್ನು ಎಲ್ಲಿ ಮಾಡಿದ್ದೀರಿ ಎಂದು ಬರೆಯಿರಿ. ಎಲ್ಲಕ್ಕೂ ಉತ್ತರ ಇರಬೇಕಾಗಿಲ್ಲ. ಖಾಲಿ ಉಳಿದ ಜಾಗಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೂ ಈಗಲೇ ಯೋಚಿಸಿಟ್ಟುಕೊಳ್ಳಿ.

2. ನಾಲ್ಕೈದು ಘಟನೆ ಬರೆದಿಟ್ಟುಕೊಳ್ಳಿ

ತಯಾರಿಗೆ ಇಟ್ಟ ಸಮಯದಲ್ಲಿ ಅರ್ಧದಷ್ಟು ಇದಕ್ಕೇ ಕೊಡಿ. ಪ್ರತಿ ಘಟನೆಯಲ್ಲೂ ಮೂರು ವಿಷಯ ಇರಲಿ: ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ, ಅದರಿಂದ ಏನಾಯಿತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದ ಡಿಪ್ಲೊಮಾ ಹುಡುಗ ‘ಸಿಎನ್‌ಸಿ ಮಷಿನ್ (ಕಂಪ್ಯೂಟರ್ ನಡೆಸುವ ಯಂತ್ರ) ಗೊತ್ತು ಸರ್’ ಎಂದು ನಿಲ್ಲಿಸಿಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಅದೇ ಹುಡುಗ ಹೀಗೆ ಹೇಳಿದರೆ? ‘ನೈಟ್ ಶಿಫ್ಟ್‌ನಲ್ಲಿ ರಿಜೆಕ್ಷನ್ ಜಾಸ್ತಿ ಬರುತ್ತಿತ್ತು. ಟೂಲ್ ಸವೆದರೂ ಗೊತ್ತಾಗುತ್ತಿರಲಿಲ್ಲ. ನಾನು 20 ಪೀಸ್‌ಗೊಮ್ಮೆ ಅಳತೆ ತೆಗೆದು ಪುಸ್ತಕದಲ್ಲಿ ಬರೆಯಲು ಶುರು ಮಾಡಿದೆ, ಅಳತೆ ಜರುಗುತ್ತಿದೆ ಅನ್ನುವಾಗಲೇ ಸೂಪರ್‌ವೈಸರ್‌ಗೆ ಹೇಳುತ್ತಿದ್ದೆ. ರಿಜೆಕ್ಷನ್ ಕಡಿಮೆಯಾಯಿತು.’ ಇಷ್ಟರಲ್ಲಿ ಜವಾಬ್ದಾರಿ, ಗಮನ, ಮೇಲಿನವರ ಜೊತೆ ಮಾತಾಡುವ ರೀತಿ ಎಲ್ಲ ಬಂದಾಯಿತು, ಒಂದನ್ನೂ ಹೆಸರಿಟ್ಟು ಹೇಳಬೇಕಾಗಿ ಬರಲಿಲ್ಲ.

‘ನಾನು ಫ್ರೆಶರ್, ನನಗೆ ಏನು ಅನುಭವ ಇದೆ’ ಅಂತೀರಾ? ಓದುವಾಗ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಬಿ.ಕಾಂ. ಹುಡುಗಿ ಅದನ್ನು ರೆಸ್ಯೂಮೆಯಲ್ಲಿ ಬರೆಯುವುದೇ ಇಲ್ಲ, ಸಣ್ಣ ಕೆಲಸ ಅಂದುಕೊಂಡು. ಸಂಜೆ ಯುಪಿಐ ದುಡ್ಡು ಬಿಲ್‌ಗೆ ತಾಳೆಯಾಗದಿದ್ದಾಗ, ಪ್ರತಿ ಬಿಲ್ ಮೇಲೂ ಪೇಮೆಂಟ್ ನಂಬರಿನ ಕೊನೆಯ 4 ಅಂಕಿ ಬರೆದುಕೊಂಡು ಲೆಕ್ಕ ಸರಿಮಾಡಿದ್ದರೆ, ಅಕೌಂಟ್ಸ್ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಅನುಭವ ಬೇಕಾ? ದಯವಿಟ್ಟು ಇಂಥದ್ದನ್ನು ಮುಚ್ಚಿಡಬೇಡಿ.

ಎಲ್ಲರೂ ಸೇರಿ ಮಾಡಿದ ಕೆಲಸದಲ್ಲಿ ನಿಮ್ಮ ಪಾಲು ಯಾವುದು ಎಂದು ಬಿಡಿಸಿ ಹೇಳಿ. ಬರೀ ‘ನಾವು ಪ್ರಾಜೆಕ್ಟ್ ಮಾಡಿದ್ವಿ’ ಎಂದರೆ ನೀವು ಏನು ಮಾಡಿದಿರಿ ಎಂದು ಕೇಳಿಯೇ ಕೇಳುತ್ತಾರೆ.

3. ಬಾಯಿಬಿಟ್ಟು ಹೇಳಿ, ರೆಕಾರ್ಡ್ ಮಾಡಿ

ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು. ಪರಿಚಯ ಒಂದೂವರೆ ನಿಮಿಷ ಸಾಕು: ಏನು ಓದಿದ್ದು, ಏನು ಮಾಡಿದ್ದು, ಈ ಕೆಲಸ ಯಾಕೆ. ಅಪ್ಪ ಅಮ್ಮನ ಕೆಲಸ, ಹವ್ಯಾಸ ಎಲ್ಲ ಅವರು ಕೇಳಿದರೆ ಮಾತ್ರ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ಎಲ್ಲಿ ಎಳೆಯುತ್ತಿದೆ ಎಂದು ನಿಮಗೇ ಗೊತ್ತಾಗುತ್ತದೆ.

ಕನ್ನಡ ಮೀಡಿಯಂನವರು ಇಂಗ್ಲಿಷ್‌ಗೆ ಹೆದರುವುದು ಸಹಜ. ಘಟನೆಯನ್ನು ಮೊದಲು ಕನ್ನಡದಲ್ಲಿ ಸರಿಯಾಗಿ ಜೋಡಿಸಿಕೊಳ್ಳಿ, ಆಮೇಲೆ ಚಿಕ್ಕ ಚಿಕ್ಕ ವಾಕ್ಯದ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ದೊಡ್ಡ ಪದಗಳು ಬೇಡವೇ ಬೇಡ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಬಹುದು, ಅದರಲ್ಲಿ ನಾಚಿಕೆ ಏನಿಲ್ಲ.

4. ರೆಸ್ಯೂಮೆಯಲ್ಲಿ ಸುಳ್ಳು ಬೇಡ

ಹಳೆ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದು ಪಿಎಫ್ (ಭವಿಷ್ಯನಿಧಿ) ಖಾತೆಯ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ದಾಖಲೆಯಲ್ಲೇ ಇರುತ್ತದೆ. ಆಫರ್ ಕೊಟ್ಟ ಮೇಲೆ ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿಗಳು ಅದನ್ನು ನೋಡಬಹುದು. ಮಧ್ಯೆ ಕೆಲಸ ಇರಲಿಲ್ಲವೇ? ಮನೆ ಕಷ್ಟವೋ, ಪರೀಕ್ಷೆ ತಯಾರಿಯೋ, ಎರಡು ವಾಕ್ಯದಲ್ಲಿ ನೇರವಾಗಿ ಹೇಳಿ ಮುಂದಕ್ಕೆ ಹೋಗಿ.

ನಿಮ್ಮ ಕೊರತೆ ಏನು ಎಂದು ಕೇಳಿದಾಗ ‘ನಾನು ಅತಿಯಾಗಿ ದುಡಿಯುತ್ತೇನೆ’ ಎಂಬ ಉತ್ತರ ಯಾರೂ ನಂಬುವುದಿಲ್ಲ. ನಿಜವಾದ ಒಂದನ್ನು ಹೇಳಿ, ಅದಕ್ಕೆ ಈಗ ಏನು ಮಾಡುತ್ತಿದ್ದೀರಿ ಎಂದೂ ಹೇಳಿ.

5. ಆ ದಿನ

ಬೆಂಗಳೂರಿನ ಟ್ರಾಫಿಕ್ ನಂಬಿಕೊಂಡು ಹೊರಡಬೇಡಿ. ವೈಟ್‌ಫೀಲ್ಡ್ ಕಡೆಗೆ 2023ರಿಂದ ನೇರಳೆ ಮೆಟ್ರೊ ಇದೆ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗ ಇದೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬೆವರುವುದು ತಪ್ಪುತ್ತದೆ. ಟೆಕ್ ಪಾರ್ಕ್ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಒಳಗೆ ಬ್ಲಾಕ್ ಹುಡುಕಿ ನಡೆಯುವುದಕ್ಕೇ ಸಾಕಷ್ಟು ಹೊತ್ತು ಬೇಕು. ಅರ್ಧ ಗಂಟೆ ಮುಂಚೆ ಗೇಟಿನಲ್ಲಿರಿ. ವಿಡಿಯೊ ಇಂಟರ್‌ವ್ಯೂ ಆದರೆ ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ, ರೂಮ್‌ಮೇಟ್‌ಗೆ ಮೊದಲೇ ಹೇಳಿಡಿ.

ಬಟ್ಟೆ ಒಗೆದು ಇಸ್ತ್ರಿ ಮಾಡಿದ್ದರೆ ಸಾಕು.

6. ನೀವೂ ಕೇಳಿ

ಮೊದಲ ಮೂರು ತಿಂಗಳು ಯಾವ ಕೆಲಸ, ಶಿಫ್ಟ್ ಹೇಗೆ, ರಾತ್ರಿ ಪಾಳಿಗೆ ಕ್ಯಾಬ್ ಇದೆಯಾ, ಬಾಂಡ್ (ಇಷ್ಟು ಸಮಯ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದೆಯಾ, ಎಲ್ಲ ಕೇಳಿ. ಸಂಬಳದ ಮಾತು ಬಂದಾಗ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಅಂಕಿ ನೋಡಿ ಖುಷಿಪಡಬೇಡಿ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರ್ಯಾಚುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಎಲ್ಲವನ್ನೂ ಸಾಮಾನ್ಯವಾಗಿ ಅದರೊಳಗೇ ಸೇರಿಸಿರುತ್ತಾರೆ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ಕೇಳಿ, ಪೀಜಿ ಬಾಡಿಗೆ ಕಟ್ಟಬೇಕಾಗಿರುವುದು ಅದರಲ್ಲೇ ಅಲ್ವಾ.

ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

7. ಮುಗಿದ ಮೇಲೆ

ಅವತ್ತು ಸಂಜೆಯೇ, ಕೇಳಿದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ. ತಡವರಿಸಿದ ಉತ್ತರಗಳನ್ನು ಮತ್ತೆ ತಯಾರು ಮಾಡಿ, ಯಾಕೆಂದರೆ ಎರಡನೇ ಸುತ್ತಿನಲ್ಲಿ ಅಲ್ಲಿಂದಲೇ ಶುರು ಮಾಡುವುದುಂಟು. ಹೇಳಿದ ದಿನ ಕಳೆದರೂ ಸುದ್ದಿ ಬಾರದಿದ್ದರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಸುಮ್ನೆ ಕಾಯುತ್ತಾ ಕೂರದೆ ಮುಂದಿನ ಅರ್ಜಿ ಕಳಿಸಿ.