ಸಿವಿಯಲ್ಲಿ ಗ್ಯಾಪ್ ಇದೆಯಾ? ಕಾಂಟ್ರಾಕ್ಟ್ ಕೆಲಸದವರು ಹೀಗೆ ಬರೆಯಿರಿ

ಮೈಸೂರಿನ ಒಂದು ಕಾರ್ಖಾನೆಯಲ್ಲಿ ಸಂದರ್ಶನ. ಎದುರಿಗೆ ಕೂತವರು ನನ್ನ ಸಿವಿಯಲ್ಲಿ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಕಂಡ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಹೋದರು. ಒಟ್ಟು ಐದು ಸುತ್ತು. ‘ಈ ಐದು ಕಡೆ ನೀವು ಏನ್ ಮಾಡ್ತಿದ್ರಿ?’ ಎಂದು ಕೇಳಿದರು. ನನ್ನ ಬಾಯಿ ಒಣಗಿತು. ಕೆಲಸವನ್ನೇ ಮಾಡುತ್ತಿದ್ದೆ. ಹಳೇ ಗಿರಾಕಿಯ ಡ್ರಾಯಿಂಗ್ ತಿದ್ದಿಕೊಡುವುದು, ಹೊಸಬರಿಗೆ ಕೊಟೇಶನ್ ಕಳಿಸುವುದು, ಬಾಕಿ ಹಣಕ್ಕೆ ಅಲೆಯುವುದು. ಆದರೆ ಇದ್ಯಾವುದೂ ಕಾಗದದ ಮೇಲೆ ಇರಲಿಲ್ಲ. ಕೆಲಸ ಸಿಗಲಿಲ್ಲ.

ನಾನು ಹೆಬ್ಬಾಳ, ಮೇಟಗಳ್ಳಿ ಕಡೆಯ ಕಾರ್ಖಾನೆಗಳಿಗೆ ಕಾಂಟ್ರಾಕ್ಟ್ ಮೇಲೆ ಕ್ಯಾಡ್ ಡ್ರಾಯಿಂಗ್, ಅಂದರೆ ಕಂಪ್ಯೂಟರ್‌ನಲ್ಲಿ ಯಂತ್ರಭಾಗಗಳ ನಕ್ಷೆ ಮಾಡಿಕೊಡುವವಳು. ಊರು ಮಂಡ್ಯದ ಹತ್ತಿರ. ನಾಲೆಗೆ ನೀರು ನಿಲ್ಲಿಸಿದ ತಿಂಗಳಲ್ಲಿ ಅಪ್ಪ ಬದು ಸರಿ ಮಾಡಿಸುತ್ತಾರೆ, ಗೊಬ್ಬರ ಹೊಡೆಸುತ್ತಾರೆ, ಮುಂದಿನ ಬೆಳೆಗೆ ಆಳು ಗೊತ್ತು ಮಾಡುತ್ತಾರೆ. ಆ ತಿಂಗಳು ಅವರಿಗೆ ಕೆಲಸವಿಲ್ಲ ಅಂತ ಯಾರೂ ಅನ್ನುವುದಿಲ್ಲ ಅಲ್ವಾ? ನಮ್ಮ ಕೆಲಸವೂ ಹಾಗೇ. ತಿಂಗಳ ಸಂಬಳದವರ ಸಿವಿ ನೋಡಿಕೊಂಡು ನಮ್ಮದನ್ನೂ ಅದೇ ಅಚ್ಚಿಗೆ ಹಾಕುತ್ತೇವೆ. ಅಲ್ಲೇ ಎಡವುವುದು.

ಹೆಜ್ಜೆ 1: ಮೊದಲು ಲೆಕ್ಕ ತೆಗೆಯಿರಿ

ಸಿವಿ ಫೈಲ್ ತೆರೆಯಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು, ಕಾಂಟ್ರಾಕ್ಟ್ ಶುರು ಮಾಡಿದ ದಿನದಿಂದ ಒಂದೊಂದು ತಿಂಗಳಿಗೆ ಒಂದೊಂದು ಸಾಲು ಬಿಡಿ. ಆಮೇಲೆ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್ ನೋಡಿಕೊಂಡು ತುಂಬುತ್ತಾ ಬನ್ನಿ.

ಇದಕ್ಕೆ ದೊಡ್ಡ ಆಸರೆ ಫಾರ್ಮ್ 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆದರೆ ಹಳೇ ವರ್ಷಗಳದ್ದೂ ಸಿಗುತ್ತದೆ. ಯಾರು ನಿಮಗೆ ಹಣ ಕೊಟ್ಟರು, ಎಷ್ಟು, ಯಾವ ತಾರೀಕು, ಎಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರು ಎಲ್ಲವೂ ಅದರಲ್ಲಿರುತ್ತದೆ. ನನಗೇ ಮರೆತುಹೋಗಿದ್ದ ಎರಡು ಕೆಲಸ ಅಲ್ಲಿ ಸಿಕ್ಕವು. ಆದರೆ ಸಣ್ಣ ಕೆಲಸಗಳು ಅಲ್ಲಿ ಕಾಣದೇ ಇರಬಹುದು. ವೃತ್ತಿಪರ ಶುಲ್ಕ ಒಬ್ಬರಿಂದ ವರ್ಷಕ್ಕೆ 30,000 ರೂಪಾಯಿ ದಾಟದಿದ್ದರೆ ಟಿಡಿಎಸ್ ಹಿಡಿಯಬೇಕಿರಲಿಲ್ಲ. 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಗಿದೆ. ಅಂಥ ಕೆಲಸಗಳಿಗೆ ಬಿಲ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟೇ ಗತಿ.

ಹಣ ಬಂದ ತಿಂಗಳು ಬೇರೆ, ಕೆಲಸ ಮಾಡಿದ ತಿಂಗಳು ಬೇರೆ. ನೋಟ್‌ಬುಕ್‌ನಲ್ಲಿ ಕೆಲಸ ಮಾಡಿದ ತಿಂಗಳನ್ನೇ ಬರೆಯಿರಿ.

ಹೆಜ್ಜೆ 2: ಖಾಲಿ ತಿಂಗಳು ಯಾಕೆ ಖಾಲಿ?

ತುಂಬಿದ ಮೇಲೂ ಕೆಲವು ಸಾಲು ಉಳಿಯುತ್ತವೆ. ಒಂದೊಂದರ ಮುಂದೆಯೂ ನಿಜ ಬರೆಯಿರಿ. ಎರಡು ಕೆಲಸದ ನಡುವೆ ಗಿರಾಕಿ ಹುಡುಕಿದ್ದು, ಕೊಟೇಶನ್ ಕೊಟ್ಟಿದ್ದು, ಹೊಸ ಸಾಫ್ಟ್‌ವೇರ್ ಕಲಿತಿದ್ದು ವೃತ್ತಿಯ ಭಾಗವೇ. ಅದು ಗ್ಯಾಪ್ ಅಲ್ಲ. ಆದರೆ ಕಾಯಿಲೆ, ಹೆರಿಗೆ, ಅಪ್ಪ ಅಮ್ಮನ ಆರೈಕೆ ಅಂತ ಪೂರ್ತಿ ಕೈಬಿಟ್ಟ ತಿಂಗಳು ನಿಜವಾದ ಗ್ಯಾಪ್. ಎರಡನ್ನೂ ಕಲಸಬೇಡಿ. ಇಡೀ ಸಿವಿಯ ಮೇಲೆ ನಂಬಿಕೆ ಬರುವುದು ಈ ಒಂದು ವ್ಯತ್ಯಾಸದಿಂದ.

ಹೆಜ್ಜೆ 3: ಹತ್ತು ಕೆಲಸಕ್ಕೂ ಒಂದೇ ತಲೆಬರಹ

ನನ್ನ ಹಳೇ ಸಿವಿಯಲ್ಲಿ ಹೀಗಿತ್ತು: ‘ಜನವರಿ–ಮಾರ್ಚ್ 2019, ಡ್ರಾಫ್ಟ್ಸ್‌ಮನ್. ಜೂನ್–ಆಗಸ್ಟ್ 2019, ಡ್ರಾಫ್ಟ್ಸ್‌ಮನ್. ನವೆಂಬರ್ 2019–ಫೆಬ್ರವರಿ 2020, ಡ್ರಾಫ್ಟ್ಸ್‌ಮನ್.’ ಓದಿದವರಿಗೆ ಕಾಣುವುದು ಮೂರು ಸಲ ಕೆಲಸ ಬಿಟ್ಟವಳು. ಈಗ ಹೀಗಿದೆ:

‘ಸ್ವತಂತ್ರ ಕ್ಯಾಡ್ ಡಿಸೈನರ್, ಮೈಸೂರು. ಜನವರಿ 2019ರಿಂದ ಇಲ್ಲಿಯವರೆಗೆ. ಆಟೊ ಬಿಡಿಭಾಗ ಮತ್ತು ಪ್ಯಾಕಿಂಗ್ ಯಂತ್ರ ತಯಾರಕರಿಗೆ ಕಾಂಟ್ರಾಕ್ಟ್ ಮೇಲೆ ಡ್ರಾಯಿಂಗ್. ಜಿಗ್ ಮತ್ತು ಫಿಕ್ಸ್ಚರ್‌ಗಳ 140 ಡ್ರಾಯಿಂಗ್, 3 ತಿಂಗಳು. ಅದೇ ಗಿರಾಕಿಯಿಂದ ಮತ್ತೆ ಎರಡು ಸಲ ಕೆಲಸ.’

(ಜಿಗ್, ಫಿಕ್ಸ್ಚರ್ ಅಂದರೆ ತಯಾರಿಯ ವೇಳೆ ಬಿಡಿಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನಗಳು.) ‘ಮತ್ತೆ ಎರಡು ಸಲ ಕೆಲಸ’ ಅನ್ನುವ ಕೊನೆಯ ಮಾತನ್ನು ಮರೆಯದೇ ಹಾಕಿ. ಮತ್ತೆ ಕರೆದರು ಅಂದರೆ ಕೆಲಸ ಚೆನ್ನಾಗಿತ್ತು ಅಂತ ಓದಿದವರಿಗೇ ಗೊತ್ತಾಗುತ್ತದೆ. ಎಲ್ಲಾ ಕೆಲಸ ತುರುಕಬೇಕಿಲ್ಲ, ಐದಾರು ಸಾಕು. ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಗಿರಾಕಿಯ ಹೆಸರು ಬೇಡ. ‘ಹೆಬ್ಬಾಳದ ಒಂದು ಆಟೊ ಬಿಡಿಭಾಗ ಕಾರ್ಖಾನೆ’ ಅಂದರೆ ನಡೆಯುತ್ತದೆ.

ಹೆಜ್ಜೆ 4: ನಿಜವಾದ ಗ್ಯಾಪ್‌ಗೆ ಒಂದೇ ಸಾಲು

2022ರಲ್ಲಿ ಅಪ್ಪ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಾನು ಊರಲ್ಲೇ ಇದ್ದೆ. ಒಂದು ಡ್ರಾಯಿಂಗೂ ಮಾಡಲಿಲ್ಲ. ಸಿವಿಯಲ್ಲಿ ಅದೇ ತಲೆಬರಹದ ಕೆಳಗೆ ಹೀಗಿದೆ: ‘ಏಪ್ರಿಲ್–ಅಕ್ಟೋಬರ್ 2022: ತಂದೆಯ ಆರೈಕೆಗಾಗಿ ಬಿಡುವು. ನವೆಂಬರ್‌ನಿಂದ ಮತ್ತೆ ಕೆಲಸ.’ ಇಷ್ಟೇ. ಆಪರೇಷನ್, ಆಸ್ಪತ್ರೆ, ಫಿಸಿಯೋಥೆರಪಿ ಯಾವುದನ್ನೂ ಬರೆಯಬೇಕಿಲ್ಲ. ಯಾವತ್ತು ವಾಪಸ್ ಬಂದಿರಿ ಅನ್ನುವುದನ್ನು ಮಾತ್ರ ಬಿಡಬೇಡಿ.

ಬಾಣಂತನದ ಬಿಡುವು ಬರೆಯಲು ಅಳುಕುವ ಗೆಳತಿಯರಿಗೆ ಒಂದು ಮಾತು. 2017ರ ತಿದ್ದುಪಡಿ ಬಂದ ಮೇಲೆ ಸಂಬಳದ ನೌಕರಿಯ ಹೆಂಗಸರಿಗೆ ಸಾಮಾನ್ಯವಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅವರ ಸಿವಿಯಲ್ಲಿ ಆ ಆರು ತಿಂಗಳು ಕಾಣುವುದೇ ಇಲ್ಲ. ನಮ್ಮಂಥ ಸ್ವತಂತ್ರ ಕೆಲಸದವರಿಗೆ ಆ ರಜೆಯೂ ಇಲ್ಲ, ಸಂಬಳವೂ ಇಲ್ಲ. ಅದಕ್ಕೆ ನಾವು ತಲೆ ತಗ್ಗಿಸಬೇಕಾ? ಖಂಡಿತ ಬೇಡ. ಲಿಂಕ್ಡ್‌ಇನ್ ಕೂಡ 2022ರಿಂದ ‘ಕೆರಿಯರ್ ಬ್ರೇಕ್’ ಅಂತಲೇ ಬೇರೆ ಜಾಗ ಕೊಟ್ಟಿದೆ. ಸಿವಿಯಲ್ಲಿ ಬರೆದ ತಿಂಗಳುಗಳನ್ನೇ ಅಲ್ಲೂ ಹಾಕಿ, ಎರಡೂ ತಾಳೆಯಾಗಬೇಕು.

ಹೆಜ್ಜೆ 5: ಪಿಎಫ್ ತಾರೀಕು ನೋಡಿಕೊಳ್ಳಿ

‘ತಿಂಗಳು ಬಿಟ್ಟು ಬರೀ ವರ್ಷ ಹಾಕು, ಗ್ಯಾಪ್ ಮುಚ್ಚಿಹೋಗುತ್ತೆ’ ಅಂತ ಜಾಸ್ತಿ ಜನ ಹೇಳುತ್ತಾರೆ. ಏಳೆಂಟು ವರ್ಷ ಹಳೆಯ ಕೆಲಸಕ್ಕೆ ಸರಿ. ಇತ್ತೀಚಿನದಕ್ಕೆ ಹಾಗೆ ಮಾಡಬೇಡಿ. ಹಿನ್ನೆಲೆ ಪರಿಶೀಲನೆ ಮಾಡುವವರು ಪಿಎಫ್ ದಾಖಲೆ ಕೇಳುವುದುಂಟು. ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಒಂದೇ ನಂಬರ್) ಖಾತೆಯ ಸರ್ವಿಸ್ ಹಿಸ್ಟರಿಯಲ್ಲಿ ನೀವು ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಸಂಬಳದ ಕೆಲಸದ ತಾರೀಕನ್ನು ಒಂದು ತಿಂಗಳು ಎಳೆದರೂ ಅಲ್ಲಿ ಸಿಕ್ಕಿಬೀಳುತ್ತೀರಿ.

ಏಜೆನ್ಸಿ ಮೂಲಕ ಕಾರ್ಖಾನೆಗೆ ಹೋದವರು ಇನ್ನೂ ಹುಷಾರಾಗಿರಬೇಕು. ಪಿಎಫ್ ಕಟ್ಟಿದ್ದು ಏಜೆನ್ಸಿಯಾದರೆ ದಾಖಲೆಯಲ್ಲಿ ಬರುವುದು ಏಜೆನ್ಸಿಯ ಹೆಸರೇ. ನೀವು ಕಾರ್ಖಾನೆಯ ಹೆಸರು ಮಾತ್ರ ಬರೆದರೆ ಸುಳ್ಳು ಹೇಳಿದಂತೆ ಕಾಣುತ್ತದೆ. ‘ಇಂಥ ಏಜೆನ್ಸಿಯ ಮೂಲಕ, ಇಂಥ ಕಾರ್ಖಾನೆಯಲ್ಲಿ’ ಅಂತ ಎರಡನ್ನೂ ಬರೆಯಿರಿ. ಹಳೇ ಕಂಪನಿ ನೀವು ಬಿಟ್ಟ ದಿನವನ್ನು ತುಂಬದೇ ಬಿಟ್ಟಿದ್ದರೆ, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ತುಂಬಬಹುದು.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇದ್ದರೆ ಒಂದು ಪುರಾವೆ ಜಾಸ್ತಿ ಆಗುತ್ತದೆ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಉಚಿತ. ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಹೆಜ್ಜೆ 6: ಬಾಯಿಂದ ಹೇಳುವುದು

ಬರೆದದ್ದು ಎಷ್ಟೇ ಸರಿ ಇದ್ದರೂ ಎದುರಿಗೆ ಕೂತಾಗ ತಡವರಿಸುತ್ತೇವೆ. ಎರಡು ವಾಕ್ಯ ಸಿದ್ಧ ಮಾಡಿಕೊಂಡು ಮನೆಯಲ್ಲಿ ಜೋರಾಗಿ ಹೇಳಿ ನೋಡಿ. ಏನಾಯಿತು ಅನ್ನುವುದಕ್ಕೆ ಒಂದು, ಈಗ ಹೇಗಿದೆ ಅನ್ನುವುದಕ್ಕೆ ಒಂದು. ನನ್ನದು ಇದು: ‘ಅಪ್ಪನಿಗೆ ಹುಷಾರಿರಲಿಲ್ಲ, ಏಳು ತಿಂಗಳು ಊರಲ್ಲಿದ್ದೆ. ಈಗ ಅವರು ಓಡಾಡುತ್ತಿದ್ದಾರೆ, ನಾನು ನವೆಂಬರ್‌ನಿಂದ ಕೆಲಸದಲ್ಲಿದ್ದೇನೆ.’ ಅಷ್ಟು ಹೇಳಿ ನಿಲ್ಲಿಸಿ. ಮೌನ ತುಂಬಲು ಹೋಗಿ ಕ್ಷಮೆ ಕೇಳುವ ದನಿ ಬರುತ್ತದೆ, ಅದು ಬೇಡ.

ಮುಂದಿನ ಸಂದರ್ಶನಕ್ಕೆ ಹೊಸ ಸಿವಿ ಜೊತೆ 26ಎಎಸ್ ಪ್ರಿಂಟ್, ಆರು ಬಿಲ್, ಒಬ್ಬ ಗಿರಾಕಿ ಮೇಲ್‌ನಲ್ಲಿ ಬರೆದುಕೊಟ್ಟ ನಾಲ್ಕು ಸಾಲು ಎಲ್ಲವನ್ನೂ ಒಂದು ಫೈಲಿಗೆ ಹಾಕಿಕೊಂಡು ಹೋದೆ. ಮೊತ್ತ ಕಾಣದ ಹಾಗೆ ಕಪ್ಪು ಸ್ಕೆಚ್ ಪೆನ್ನಲ್ಲಿ ಬಳಿದಿದ್ದೆ. ನೀವೂ ಹಾಗೆ ಮಾಡಿ, ಗಿರಾಕಿ ಎಷ್ಟು ಕೊಟ್ಟರು ಅನ್ನುವುದು ಇನ್ನೊಬ್ಬರಿಗೆ ಬೇಕಿಲ್ಲ. ಸಂದರ್ಶನ ಮಾಡಿದವರು 2022ರ ಸಾಲಿನ ಮೇಲೆ ಬೆರಳಿಟ್ಟರು. ನಾನು ಎರಡು ವಾಕ್ಯ ಹೇಳಿದೆ. ‘ಅಪ್ಪ ಈಗ ಆರಾಮಾ?’ ಅಂತ ಕೇಳಿ ಪುಟ ತಿರುಗಿಸಿದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದೆಲ್ಲ ಫಿಕ್ಸ್ಚರ್ ಬಗ್ಗೆ.